ಹಳೆಯ ವಾಹನ ರೇಡಿಯೊದಲ್ಲಿ ಕೆಟ್ಟಿರುವ ಕೆಪಾಸಿಟರ್ ಯಾವುದೆಂದು ಪತ್ತೆಹಚ್ಚುವುದು ಹೇಗೆ?

ಮಲೆನಾಡ ತರಂಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಜೀಪಿನಲ್ಲಿ 1990ರ ದಶಕದ ಆರಂಭದ, 25 ವ್ಯಾಟ್‌ನ ವಿಎಚ್ಎಫ್ ಸೆಟ್ ಒಂದಿದೆ. ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿಯಡಿ ಅದನ್ನು 2 ಮೀಟರ್ ಬ್ಯಾಂಡಿನಲ್ಲಿ, ಎಂದರೆ 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ, ಬಳಸುತ್ತಿದ್ದೇನೆ. ಕಳೆದ ಚಳಿಗಾಲದಿಂದ ಎರಡು ತೊಂದರೆಗಳು ಕಾಣಿಸಿಕೊಂಡಿವೆ. ಬೆಳಗಿನ ಚಳಿಯಲ್ಲಿ ಸೆಟ್ ಹಾಕಿದರೆ ಸ್ಪೀಕರಿನ ಧ್ವನಿ ಬಹಳ ಕ್ಷೀಣವಾಗಿ, ತಗಡಿನ ಡಬ್ಬಿಯೊಳಗಿಂದ ಮಾತನಾಡಿದಂತೆ ಕೇಳಿಸುತ್ತದೆ. ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಬಹುಪಾಲು ಸರಿಹೋಗುತ್ತದೆ. ಎರಡನೆಯದಾಗಿ, ನಾನು ಮಾತನಾಡುವಾಗ ಹಿಂದೆ ಸಣ್ಣಗೆ ಕುಯ್ಯೆನ್ನುವ ಸದ್ದು ಬರುತ್ತಿದೆಯೆಂದೂ, ಎಂಜಿನ್ ವೇಗ ಹೆಚ್ಚಿದಂತೆ ಅದರ ಶ್ರುತಿಯೂ ಏರುತ್ತದೆಯೆಂದೂ ರಿಪೀಟರಿನಲ್ಲಿ (ಸಂಕೇತವನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ಕೇಂದ್ರದಲ್ಲಿ) ಕೇಳುವವರು ಹೇಳುತ್ತಾರೆ.

ಕೆಪಾಸಿಟರ್ ಹಳತಾಗಿರಬೇಕೆಂದು ಊಹಿಸಿ, ವಿದ್ಯುತ್ ಒಳಬರುವ ಕಡೆಯ 1000 ಮೈಕ್ರೋಫ್ಯಾರಡ್‌ನ ದೊಡ್ಡ ಕೆಪಾಸಿಟರನ್ನು ಬದಲಿಸಿದೆ. ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ. ಬೋರ್ಡಿನ ಮೇಲೆ ಇನ್ನೂ ಮೂವತ್ತಕ್ಕೂ ಹೆಚ್ಚು ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳಿವೆ. ನನ್ನ ಬಳಿ ಮಲ್ಟಿಮೀಟರ್, ಡಮ್ಮಿ ಲೋಡ್ (ಆಂಟೆನಾ ಬದಲು ಜೋಡಿಸುವ ರೋಧಕ) ಮತ್ತು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಒಂದು ಇಎಸ್ಆರ್ ಮೀಟರ್ (ಕೆಪಾಸಿಟರಿನ ಒಳರೋಧ ಅಳೆಯುವ ಉಪಕರಣ) ಇವೆ, ಆಸಿಲೋಸ್ಕೋಪ್ ಇಲ್ಲ. ಎಲ್ಲಿಂದ ಆರಂಭಿಸಬೇಕು?

ಹಳೆ ಬೆಸುಗೆ

ನಾನು ಇಲಾಖೆಯೊಂದರ ವೈರ್‌ಲೆಸ್ ವರ್ಕ್‌ಶಾಪಿನಲ್ಲಿ ಬಹಳ ವರ್ಷ ಬೆಸುಗೆ ಹಾಕಿದವನು. ನೀವು ಹೇಳಿರುವ ಎರಡು ತೊಂದರೆಗಳು ಒಂದೇ ಕೆಪಾಸಿಟರಿನಿಂದ ಬಂದಿರುವುದು ಅಪರೂಪ. ಅವುಗಳನ್ನು ಬೇರೆ ಬೇರೆಯಾಗಿಯೇ ಹಿಡಿಯಬೇಕು.

ಮೊದಲು ಚಳಿಯ ತೊಂದರೆ. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನೊಳಗಿನ ದ್ರವ ಒಣಗುತ್ತಾ ಬಂದಂತೆ ಅದರ ಒಳರೋಧ, ಎಂದರೆ ಇಎಸ್ಆರ್, ಏರುತ್ತದೆ. ತಂಪಿನಲ್ಲಿ ಆ ರೋಧ ಇನ್ನಷ್ಟು ಹೆಚ್ಚುತ್ತದೆ, ಬಿಸಿಯಾದಾಗ ಇಳಿಯುತ್ತದೆ. ಕಾದ ಮೇಲೆ ಸರಿಹೋಗುವ ಸೆಟ್ಟಿನಲ್ಲಿ ಆಡಿಯೊ ಐಸಿಯಿಂದ ಸ್ಪೀಕರಿಗೆ ಹೋಗುವ ದಾರಿಯಲ್ಲಿದ್ದು ಧ್ವನಿಯ ಸಂಕೇತವನ್ನು ಮಾತ್ರ ದಾಟಿಸುವ ಕಪ್ಲಿಂಗ್ ಕೆಪಾಸಿಟರನ್ನು ಮೊದಲು ಅನುಮಾನಿಸಿ. ಒಂದು ಸುಲಭ ಪರೀಕ್ಷೆಯಿದೆ. ಬೆಳಗ್ಗೆ ಸೆಟ್ ತಣ್ಣಗಿರುವಾಗ 4 ಓಮ್ ಸ್ಪೀಕರಿನ ಬದಲು 32 ಓಮ್‌ನ ಹೆಡ್‌ಫೋನ್ ಜೋಡಿಸಿ, ಧ್ವನಿ ಕಡಿಮೆಯಿಟ್ಟುಕೊಂಡು ಕೇಳಿ. ಅದರಲ್ಲಿ ಮಾತು ತುಂಬಿಕೊಂಡು ಕೇಳಿಸಿ, ಸ್ಪೀಕರಿನಲ್ಲಿ ಮಾತ್ರ ಸೊರಗಿದರೆ, ಸರಣಿಯಲ್ಲಿರುವ ಆ ಕೆಪಾಸಿಟರೇ ದಾರಿಗೆ ಅಡ್ಡ ನಿಂತಿದೆಯೆಂದು ತಿಳಿಯಬಹುದು. ಆದರೂ ಖಚಿತವಾಗದಿದ್ದರೆ, ಕಾಗದವನ್ನು ಲಾಳಿಕೆಯಂತೆ ಸುತ್ತಿ ಹೇರ್ ಡ್ರೈಯರಿನ ಬಿಸಿ ಗಾಳಿಯನ್ನು ಒಂದೊಂದೇ ಕೆಪಾಸಿಟರಿನ ಮೇಲೆ ಬಿಡಿ. ಯಾವುದು ಬಿಸಿಯಾದೊಡನೆ ಧ್ವನಿ ಏರುತ್ತದೆಯೋ ಅದೇ ಅಪರಾಧಿ.

ಇಎಸ್ಆರ್ ಮೀಟರನ್ನು ನಂಬುವ ಮೊದಲು ಒಂದು ಮಾತು. ಅದು ಸಾಮಾನ್ಯವಾಗಿ 100 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಬಹಳ ಕಡಿಮೆ ವೋಲ್ಟೇಜಿನಿಂದ ಅಳೆಯುವುದರಿಂದ ಬೋರ್ಡಿನಿಂದ ಬಿಚ್ಚದೆಯೇ ನೋಡಬಹುದು. ಆದರೆ ಪೂರ್ತಿ ಶಾರ್ಟ್ ಆಗಿರುವ ಕೆಪಾಸಿಟರ್ ಕೂಡ ಅದಕ್ಕೆ ಅತ್ಯುತ್ತಮವಾಗಿಯೇ ಕಾಣುತ್ತದೆ. ಆದ್ದರಿಂದ ವಿದ್ಯುತ್ ಕಡಿದು, ಚಾರ್ಜ್ ಇಳಿಸಿ, ಮೊದಲು ಮಲ್ಟಿಮೀಟರಿನಲ್ಲಿ ರೋಧ ನೋಡಿ, ಆಮೇಲೆ ಇಎಸ್ಆರ್ ನೋಡಿ. ಒಂದೇ ಲೈನಿನಲ್ಲಿ ಎರಡು ದೊಡ್ಡ ಕೆಪಾಸಿಟರುಗಳು ಸಮಾಂತರವಾಗಿದ್ದರೆ ಒಳ್ಳೆಯದು ಕೆಟ್ಟದ್ದನ್ನು ಮರೆಮಾಚುತ್ತದೆಯೆಂಬುದನ್ನೂ ಮರೆಯಬೇಡಿ.

ಇನ್ನು ಕುಯ್ಯೆನ್ನುವ ಸದ್ದು. ಅದು ಎಂಜಿನ್ನಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು. ವಾಹನಗಳಲ್ಲಿ ಸಾಮಾನ್ಯವಾದ ಹನ್ನೆರಡು ಧ್ರುವಗಳ ತ್ರಿಫೇಸ್ ಆಲ್ಟರ್ನೇಟರ್ ಒಂದು ಸುತ್ತಿಗೆ 36 ಅಲೆಗಳನ್ನು ಕೊಡುತ್ತದೆ; ಅದು ನಿಮಿಷಕ್ಕೆ 2,000 ಸುತ್ತು ತಿರುಗಿದರೆ 1,200 ಹರ್ಟ್ಸ್ ಆಯಿತು, ಮಾತಿನ ಪಟ್ಟಿಯ ನಟ್ಟನಡುವೆ. ಸೆಟ್ಟನ್ನು ಪ್ರತ್ಯೇಕ ಬ್ಯಾಟರಿಗೆ ಜೋಡಿಸಿ, ಎಂಜಿನ್ ಚಾಲೂ ಇಟ್ಟು, ಡಮ್ಮಿ ಲೋಡಿಗೆ ಪ್ರಸಾರ ಮಾಡಿ ಇನ್ನೊಂದು ಹ್ಯಾಂಡ್‌ಸೆಟ್ಟಿನಲ್ಲಿ ಕೇಳಿ. ಸದ್ದು ನಿಂತರೆ ಅದು ವಿದ್ಯುತ್ ತಂತಿಯ ಮೂಲಕವೇ ಬರುತ್ತಿದೆ. ಬಳಿಕ ಮತ್ತೆ ಜೀಪಿನ ಬ್ಯಾಟರಿಗೆ ಜೋಡಿಸಿ, ಮೈಕ್ ಆಡಿಯೊ ತಂತಿಯನ್ನು ಕಳಚಿ ಪಿಟಿಟಿ (ಮಾತನಾಡಲು ಒತ್ತುವ ಗುಂಡಿ) ಮಾತ್ರ ಒತ್ತಿ. ಆಗಲೂ ಸದ್ದಿದ್ದರೆ ಮೈಕ್ ಕೇಬಲಿನ ಮೇಲಿನ ಅನುಮಾನ ಬಿಟ್ಟು ವಿಸಿಒಗೆ (ಪ್ರಸಾರದ ಆವರ್ತನವನ್ನು ಹುಟ್ಟಿಸುವ ಭಾಗಕ್ಕೆ) ವಿದ್ಯುತ್ ಕೊಡುವ ಲೈನನ್ನು ನೋಡಿ. ಅಲ್ಲಿ ಕೆಲವು ಮಿಲಿವೋಲ್ಟ್ ರಿಪಲ್ (ವೋಲ್ಟೇಜಿನ ಏರಿಳಿತ) ಉಳಿದರೂ ಸಾಕು, ಅದು ಆವರ್ತನವನ್ನೇ ಅಲುಗಾಡಿಸುತ್ತದೆ. ಧ್ವನಿಯನ್ನು ಆವರ್ತನದ ಏರಿಳಿತವಾಗಿ ಕಳುಹಿಸುವ ಎಫ್ಎಂ ಆದ್ದರಿಂದ ಕೇಳುವವರಿಗೆ ಅದು ಸದ್ದಾಗಿಯೇ ಮುಟ್ಟುತ್ತದೆ.

ರಾಯಚೂರು ಬಿಸಿಲು

ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆಂದು ಭಾವಿಸಬಾರದು, ಆದರೆ ಆ ಕಾಲದ ಸೆಟ್ಟಿನಲ್ಲಿ ಒಂದೊಂದನ್ನೇ ಹುಡುಕುತ್ತಾ ಕೂರುವುದಕ್ಕೆ ನನ್ನ ಸಹಮತವಿಲ್ಲ. 1980ರ ದಶಕದ ಕೊನೆಯಿಂದ 1990ರ ದಶಕದ ಮೊದಲ ಭಾಗದವರೆಗೆ ಬಂದ ಎಸ್ಎಂಡಿ (ಬೋರ್ಡಿನ ಮೇಲ್ಮೈಗೇ ಬೆಸೆಯುವ) ಅಲ್ಯೂಮಿನಿಯಂ ಕೆಪಾಸಿಟರುಗಳಲ್ಲಿ ಅನೇಕವು ತಳದ ರಬ್ಬರಿನ ಮೂಲಕ ದ್ರವವನ್ನು ಸೋರಿಸುತ್ತವೆ. ಮೊಟೊರೋಲಾದ ಸ್ಪೆಕ್ಟ್ರಾ ವಾಹನ ರೇಡಿಯೊಗಳು ಈ ಸೋರಿಕೆಯಿಂದಲೇ ದುರಸ್ತಿಗಾರರಿಗೆ ಪರಿಚಿತವಾಗಿವೆ. ನಿಮ್ಮ ಸೆಟ್ಟಿನಲ್ಲಿ ಇರುವುದು ಆ ಪುಟ್ಟ ಬೆಳ್ಳಿ ಡಬ್ಬಿಗಳಾದರೆ, ಇಂದು ಸರಿಯಾಗಿ ಅಳೆದದ್ದು ಮುಂದಿನ ವರ್ಷ ಸೋರುತ್ತದೆ. ಕಾಲುಗಳು ಬೋರ್ಡನ್ನು ತೂರಿಕೊಂಡು ಹೋಗಿರುವ ಹಳೆಯ ಬಗೆಯಾದರೆ ಮಾತ್ರ ಅಳೆದು ಬದಲಿಸುವುದು ಸರಿ.

ಬಿಸಿಲಿನ ಪಾತ್ರವೂ ಇದೆ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರಿನ ಆಯುಷ್ಯ ಪ್ರತಿ 10 ಡಿಗ್ರಿ ಇಳಿದಾಗ ಸರಿಸುಮಾರು ಇಮ್ಮಡಿಯಾಗುತ್ತದೆ. 65 ಡಿಗ್ರಿಯಲ್ಲಿ 8,000 ಗಂಟೆ, 45ರಲ್ಲಿ 32,000. ನಮ್ಮ ಕಡೆಯ ಬೇಸಿಗೆಯಲ್ಲಿ ಗಾಜು ಏರಿಸಿ ನಿಲ್ಲಿಸಿದ ವಾಹನದ ಡ್ಯಾಶ್‌ಬೋರ್ಡಿನ ಮೇಲೆ ಕೈಯಿಡಲಾಗದು. ಹೊಸದು ಹಾಕುವಾಗ 105 ಡಿಗ್ರಿಯದನ್ನೇ ತನ್ನಿ. ನೇರವಾಗಿ ಬ್ಯಾಟರಿ ಲೈನಿನಲ್ಲಿರುವ ಕಡೆ 16 ವೋಲ್ಟಿನದು ಬೇಡ, 25 ವೋಲ್ಟಿನದಿರಲಿ. ಚಾರ್ಜ್ ಆಗುವಾಗ ಅಲ್ಲಿ 14.4 ವೋಲ್ಟ್ ಇರುತ್ತದೆ.

ಕೊನೆಯದಾಗಿ, ಟ್ಯಾಂಟಲಮ್ ಕೆಪಾಸಿಟರ್ ಹಾಕುವವರು ಪಟ್ಟಿಯನ್ನು ಸರಿಯಾಗಿ ನೋಡಬೇಕು. ಅಲ್ಯೂಮಿನಿಯಂ ಡಬ್ಬಿಯ ಮೇಲಿನ ಕಪ್ಪು ಗುರುತು ಋಣ ತುದಿಯದು. ಎಸ್ಎಂಡಿ ಟ್ಯಾಂಟಲಮ್ ಮೇಲಿನ ಪಟ್ಟಿ ಧನ ತುದಿಯದು. ಇದನ್ನು ಅದಲುಬದಲು ಮಾಡಿ ಬೆಂಕಿಯ ಕಿಡಿ ಕಂಡವರಲ್ಲಿ ನಾನೂ ಒಬ್ಬ.

ಮಲೆನಾಡ ತರಂಗ

ಇಬ್ಬರಿಗೂ ಕೃತಜ್ಞತೆಗಳು. ಎರಡು ವಾರದ ಕೆಲಸದ ವರದಿ ಹೀಗಿದೆ.

ಹೆಡ್‌ಫೋನ್ ಪರೀಕ್ಷೆ ಹೇಳಿದಂತೆಯೇ ನಡೆಯಿತು. 470 ಮೈಕ್ರೋಫ್ಯಾರಡ್‌ನ ಕಪ್ಲಿಂಗ್ ಕೆಪಾಸಿಟರ್ ಬೆಳಗಿನ ಚಳಿಯಲ್ಲಿ 11 ಓಮ್ ತೋರಿಸಿತು, ಮಧ್ಯಾಹ್ನ ಬಿಸಿ ಗಾಳಿ ಬಿಟ್ಟ ಮೇಲೆ 2 ಓಮ್. 4 ಓಮ್ ಸ್ಪೀಕರಿನ ಎದುರಿಗೆ 11 ಓಮ್ ನಿಂತರೆ ಸ್ಪೀಕರಿಗೆ ಸಿಗುವ ಶಕ್ತಿ ಹದಿನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆಂದು ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. ಬದಲಿಸಿದೆ, ಈಗ ಬೆಳಗ್ಗೆಯೂ ಧ್ವನಿ ಸ್ಪಷ್ಟವಾಗಿದೆ.

ಕುಯ್ಯೆನ್ನುವ ಸದ್ದು ಮಾತ್ರ ಹೋಗಲಿಲ್ಲ. ಪ್ರತ್ಯೇಕ ಬ್ಯಾಟರಿಯಲ್ಲಿ ನಿಲ್ಲುತ್ತದೆ, ಜೀಪಿನ ಬ್ಯಾಟರಿಯಲ್ಲಿ ಮೈಕ್ ಕಳಚಿದರೂ ಇರುತ್ತದೆ. ವಿಸಿಒ ಲೈನಿನಲ್ಲಿ 47 ಮೈಕ್ರೋಫ್ಯಾರಡ್‌ನ ಎಸ್ಎಂಡಿ ಕೆಪಾಸಿಟರ್ ಇದೆ. ಅದರ ಇಎಸ್ಆರ್ 1 ಓಮ್‌ಗಿಂತ ಕಡಿಮೆ. ಆದರೂ ರಾಯಚೂರಿನವರ ಮಾತು ನೆನಪಾಗಿ ಹೊಸದನ್ನು ಹಾಕಿದೆ. ಸದ್ದು ಇದ್ದಂತೆಯೇ ಇದೆ. ಹಳೆಯದನ್ನು ಬಿಚ್ಚುವಾಗ ಕಾವಿಗೆ ಮೀನಿನಂಥ ವಾಸನೆ ಬಂತು. ಇದಕ್ಕೇನಾದರೂ ಅರ್ಥವಿದೆಯೇ?

ಹಳೆ ಬೆಸುಗೆ

ಆ ವಾಸನೆಯಲ್ಲಿಯೇ ಉತ್ತರವಿದೆ. ಅದು ಸೋರಿದ ಎಲೆಕ್ಟ್ರೋಲೈಟಿನದು. ಸೋರಿಕೆಯ ಆರಂಭದಲ್ಲಿ ಕೆಪಾಸಿಟರ್ ಇನ್ನೂ ಚೆನ್ನಾಗಿಯೇ ಅಳೆಯಬಹುದು. ಅದರ ಕೆಳಗಿನ ತಾಮ್ರವನ್ನು ಮಾತ್ರ ದ್ರವ ತಿಂದಿರುತ್ತದೆ. ನೀವು ಮೀಟರಿನ ಮೊನೆಗಳನ್ನು ಕೆಪಾಸಿಟರಿನ ಎರಡು ತುದಿಗಳಿಗೆ ಇಟ್ಟಿದ್ದೀರಿ, ಆದ್ದರಿಂದ ಅಳೆದದ್ದು ಆ ಡಬ್ಬಿಯನ್ನು ಮಾತ್ರ. ಅದು ಸರ್ಕ್ಯೂಟಿಗೆ ಸೇರಿಕೊಂಡಿದೆಯೇ ಎಂಬುದನ್ನು ಆ ಅಳತೆ ಹೇಳುವುದಿಲ್ಲ. ಒಂದು ಮೊನೆಯನ್ನು ವಿಸಿಒ ಲೈನಿನಲ್ಲಿ ದೂರದ ಬಿಂದುವಿಗೂ ಇನ್ನೊಂದನ್ನು ಸೆಟ್ಟಿನ ಲೋಹದ ಕವಚಕ್ಕೂ ಇಟ್ಟು ಮತ್ತೆ ಅಳೆಯಿರಿ. ಅಂತರ ಕಂಡರೆ ಟ್ರ್ಯಾಕ್ ಅಥವಾ ಬೋರ್ಡಿನ ಎರಡು ಪದರಗಳನ್ನು ಸೇರಿಸುವ ತೂತು ಹೋಗಿದೆ. ಹಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ ಅದ್ದಿ ಆ ಜಾಗವನ್ನು ಸೋರಿದ ದ್ರವದ ಕಲೆಯೆಲ್ಲ ಹೋಗುವಂತೆ ತೊಳೆದು, ತೆಳು ತಂತಿಯಿಂದ ಗ್ರೌಂಡಿಗೆ ಸೇತುವೆ ಕಟ್ಟಿ.

ರಾಯಚೂರಿನವರು ಹೇಳಿದಂತೆ ಸೋರುವ ಬಗೆಯನ್ನು ಪೂರ್ತಿ ಬದಲಿಸುವುದನ್ನು ಈಗ ಒಪ್ಪುತ್ತೇನೆ. ಆದರೆ ತೊಳೆದು ಟ್ರ್ಯಾಕ್ ನೋಡದೆ ಮೂವತ್ತನ್ನೂ ಬದಲಿಸಿದ್ದರೂ ಈ ಸದ್ದು ಹೋಗುತ್ತಿರಲಿಲ್ಲ.

ಮಲೆನಾಡ ತರಂಗ

ಲೈನಿನಿಂದ ಕವಚಕ್ಕೆ ಅಳೆದಾಗ ಮೀಟರ್ ಏನನ್ನೂ ತೋರಿಸಲಿಲ್ಲ. ಋಣ ತುದಿಯ ಪಕ್ಕದ ತೂತು ಹಸಿರಾಗಿ ಕಿತ್ತುಹೋಗಿತ್ತು. ತೊಳೆದು ತಂತಿ ಹಾಕಿದೆ, ಈಗ 0.7 ಓಮ್. ನಿನ್ನೆ ಸಂಜೆ ಎಂಜಿನ್ ಚಾಲೂ ಇಟ್ಟು ರಿಪೀಟರಿನಲ್ಲಿ ಮಾತನಾಡಿದೆ; ಕೇಳಿದ ಇಬ್ಬರೂ ಸದ್ದಿಲ್ಲವೆಂದರು. ಉಳಿದ ಬೆಳ್ಳಿ ಡಬ್ಬಿಗಳ ಪಟ್ಟಿ ಮಾಡಿಕೊಂಡಿದ್ದೇನೆ, ಕಾಫಿ ಕೊಯ್ಲು ಮುಗಿದ ಮೇಲೆ ಅವನ್ನು ತೆಗೆಯುತ್ತೇನೆ.