ಆಲ್ದೂರಿನ ಶೆಡ್ಡಿನಲ್ಲಿ ನಿಂತಿರುವ 1985ರ ಮಾರುತಿ 800: ಎಲ್ಲಿಂದ ಶುರು ಮಾಡಲಿ?

ಆಲ್ದೂರಿನವನು:

ಇದು ನಮ್ಮ ದೊಡ್ಡಪ್ಪನ ಕಾರು. 1985ರ ಮಾರುತಿ 800, ಹಳೆಯ ಎಸ್‌ಎಸ್80 ಮಾದರಿ, ಕೆಂಪು ಬಣ್ಣ. ಚಿಕ್ಕಮಗಳೂರಿಗೆ ಕೆಎ-18 ಸರಣಿ ಬರುವ ಮುಂಚಿನ ಮೂರಕ್ಷರದ ನೋಂದಣಿ ಫಲಕ ಇನ್ನೂ ಓದಲು ಬರುತ್ತದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಯಾರೂ ಅದನ್ನು ಹೊರಗೆ ತೆಗೆಯಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಪಕ್ಕದ ಶೆಡ್ಡಿನಲ್ಲಿ, ಮೆಣಸಿನ ಚೀಲ, ತುಕ್ಕು ಹಿಡಿದ ಸ್ಪ್ರೇಯರ್, ಏಣಿ ಇವುಗಳ ನಡುವೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ನಿಂತಿದೆ. ಕಳೆದ ತಿಂಗಳು ಗುಜರಿಯವನು ತೋಟಕ್ಕೆ ಬಂದು ಕೇಳಿದಾಗ ದೊಡ್ಡಮ್ಮ ನನಗೆ ಫೋನ್ ಮಾಡಿ, "ನಿನಗೆ ಬೇಕಾದರೆ ತೆಗೆದುಕೊಂಡು ಹೋಗು, ಇಲ್ಲವಾದರೆ ಕೊಟ್ಟುಬಿಡುತ್ತೇನೆ" ಎಂದರು. ಬೇಕು ಎಂದೆ.

ಈಗಿನ ಸ್ಥಿತಿ ಹೀಗಿದೆ. ಎಂಜಿನ್ ತಿರುಗುವುದಿಲ್ಲ. ಹಿಂದಿನ ಎರಡೂ ಚಕ್ರ ಬಿಗಿದುಕೊಂಡಿವೆ. ಚಾಲಕನ ಕಾಲಡಿಯ ತಗಡಿನಲ್ಲಿ ಅಂಗೈಯಗಲದ ತೂತು ಬಿದ್ದಿದೆ. ಮ್ಯಾಟ್ ಎತ್ತಿದರೆ ನೆಲ ಕಾಣಿಸುತ್ತದೆ. ಡ್ಯಾಶ್‌ಬೋರ್ಡ್ ಕೆಳಗಿನ ವೈರುಗಳನ್ನು ಇಲಿ ಕಡಿದಿದೆ. ಆದರೆ ಗಾಜುಗಳೆಲ್ಲ ಸರಿಯಾಗಿವೆ. ಮೇಲಕ್ಕೆ ತೆರೆದುಕೊಳ್ಳುವ ಹಿಂದಿನ ಗಾಜಿಗೂ ಏನೂ ಆಗಿಲ್ಲ. ನಾಲ್ಕೂ ಬಾಗಿಲು ಸರಿಯಾಗಿ ಮುಚ್ಚುತ್ತವೆ.

ಚಿಕ್ಕಮಗಳೂರಿನ ಒಬ್ಬ ಮೆಕ್ಯಾನಿಕ್ ಬಂದು ನೋಡಿದರು. ಈ ಎಂಜಿನ್ ಬಿಸಾಕಿ, 2000ದ ನಂತರದ, ಕಾರ್ಬುರೇಟರ್ ಇಲ್ಲದ ಎಂಪಿಎಫ್‌ಐ ಎಂಜಿನ್ ಕೂರಿಸಿ, ಪುಟ್ಟಿ ಹಾಕಿ ಬಣ್ಣ ಹೊಡೆದು, ಒಂದೂವರೆ ಲಕ್ಷಕ್ಕೆ ಹೊಸದರಂತೆ ಮಾಡಿಕೊಡುತ್ತೇನೆ ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ದೊಡ್ಡಪ್ಪ ಓಡಿಸುತ್ತಿದ್ದ ಕಾರೇ ಓಡಬೇಕು, ಅದರ ಚಿಪ್ಪಿನೊಳಗೆ ಬೇರೊಂದು ಕಾರಲ್ಲ. ಹಣವೂ ಅಳತೆಯದ್ದು, ಕಾಫಿಗೆ ಬೆಲೆ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ, ನಮ್ಮದು ಸಣ್ಣ ಹಿಡುವಳಿ.

ಎಂಜಿನ್ ಮೊದಲೋ, ತಗಡು ಮೊದಲೋ? ಕಾಗದಪತ್ರದ ಗತಿ ಏನು? ಆರ್‌ಸಿ, ಅಂದರೆ ನೋಂದಣಿ ಪತ್ರ, ದೊಡ್ಡಪ್ಪನ ಹೆಸರಿನಲ್ಲೇ ಇದೆ, 2010ಕ್ಕೆ ಅವಧಿ ಮುಗಿದಿದೆ.

ಹಾಸನದ ಹಳೇ ಮೆಕ್ಯಾನಿಕ್:

ತಮ್ಮಾ, ಗುಜರಿಗೆ ಕೊಡದೆ ಉಳಿಸಿಕೊಂಡಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ಎಸ್‌ಎಸ್80 ತಯಾರಾದದ್ದು 1983ರ ಡಿಸೆಂಬರ್‌ನಿಂದ 1986ರವರೆಗೆ ಮಾತ್ರ. ಆಮೇಲೆ ಬಂದದ್ದು ಎಲ್ಲರೂ ನೋಡಿರುವ ದುಂಡು ಮೂತಿಯ 800. ನಿಮ್ಮದರ ಮೂಲ ಜಪಾನಿನಲ್ಲಿ 1979ರಲ್ಲಿ ಬಂದ ಸುಜುಕಿ ಫ್ರಾಂಟೆ ಮತ್ತು ಆಲ್ಟೊ. ಅಲ್ಲಿನ ಸಣ್ಣ ಕಾರುಗಳಿಗೆ ಆಗ 550 ಸಿಸಿಯ ಮಿತಿ ಇತ್ತು. ನಮಗೆ ಬಂದದ್ದು ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಮೊದಮೊದಲಿನ ಗಾಡಿಗಳು ಜಪಾನಿನಿಂದ ಬಿಡಿಭಾಗಗಳಾಗಿ ಬಂದು ಗುರುಗ್ರಾಮದಲ್ಲಿ ಜೋಡಣೆಯಾದವು.

ಆ ಕಾರು ನಮ್ಮ ಕಡೆಗೆ ಬಂದಾಗ ತೋಟದವರು ನಂಬಿರಲಿಲ್ಲ. ಜೀಪು, ಅಂಬಾಸಿಡರ್ ನೋಡಿದ ಕಣ್ಣಿಗೆ ಅದು ಆಟದ ಸಾಮಾನು. ಮಳೆಗಾಲದಲ್ಲಿ ಒಂದು ಸಲ ಕೆಮ್ಮಣ್ಣಿನ ಏರು ಹತ್ತಿಸಿ ನೋಡಿದ ಮೇಲೆ ಮಾತು ಬದಲಾಯಿತು. ಎಂಜಿನ್ನಿನ ಭಾರವೆಲ್ಲ ಎಳೆಯುವ ಮುಂದಿನ ಚಕ್ರಗಳ ಮೇಲೇ ಕೂತಿರುವುದರಿಂದ ಜಾರುವುದು ಕಡಿಮೆ. ಡಿಸೆಂಬರಿನ ಚಳಿಯ ಬೆಳಿಗ್ಗೆಯೂ ಚೋಕ್ ಎಳೆದು ಕೀಲಿ ತಿರುಗಿಸಿದರೆ ಸಾಕಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ತಗಡು ಮೊದಲು. ಇದರಲ್ಲಿ ಎರಡು ಮಾತಿಲ್ಲ. ಜೀಪಿಗೆ ಕೆಳಗೊಂದು ಚಾಸಿ, ಅಂದರೆ ಗಟ್ಟಿ ಚೌಕಟ್ಟು, ಇರುತ್ತದೆ, ಬಾಡಿ ಕೊಳೆತರೂ ಗಾಡಿ ನಿಲ್ಲುತ್ತದೆ. ನಿಮ್ಮ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು ಇವೇ ಅದರ ಬೆನ್ನುಮೂಳೆ. ಎಂಜಿನ್ ಎಷ್ಟೇ ಕೆಟ್ಟಿದ್ದರೂ ಲೇತಿನಲ್ಲಿ ಸರಿಮಾಡಬಹುದು, ಸಾಮಾನು ಸಿಗುತ್ತದೆ. ತಗಡು ಕೊಳೆತು ಆಕಾರ ಬಿಟ್ಟರೆ ಕಾರು ಮುಗಿಯಿತು.

ಕಾಲಡಿಯ ತೂತಿನ ಬಗ್ಗೆ ಗಾಬರಿ ಬೇಡ. ಅದು ಸಪಾಟಾದ ಜಾಗ, ಹೊಸ ತಗಡು ಕೂರಿಸುವುದು ಸುಲಭ. ನೀವು ನೋಡಬೇಕಾದದ್ದು ಬೇರೆ ಕಡೆ. ಒಂದು ಹಳೇ ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಮಲಗಿ. ಹಿಂದಿನ ಪಟ್ಟಾ, ಅಂದರೆ ಲೀಫ್ ಸ್ಪ್ರಿಂಗ್, ಬಾಡಿಗೆ ಕಚ್ಚಿಕೊಳ್ಳುವ ಜಾಗ ಇದೆಯಲ್ಲ, ಅಲ್ಲಿ ಒತ್ತಿ ಚುಚ್ಚಿ. ಮುಂದೆ ಬಾನೆಟ್ ಎತ್ತಿ, ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಗುಮ್ಮಟದ ಸುತ್ತ ಚುಚ್ಚಿ. ಜಾಕ್ ಕೊಡುವ ಜಾಗ, ಬ್ಯಾಟರಿಯ ತಟ್ಟೆಯ ಅಡಿ, ಮುಂದಿನ ಗಾಜಿನ ರಬ್ಬರ್ ಕೆಳಗಿನ ಅಂಚು, ಇವನ್ನೂ ಬಿಡಬೇಡಿ. ಮೊನೆ ಒಳಗೆ ಹೋಗದೆ ಟಣ್ ಎಂದರೆ ಲೋಹ ಇದೆ ಎಂದರ್ಥ. ಪಟ್ಟಾ ಹಿಡಿಯುವ ಜಾಗವೂ ಮುಂದಿನ ಗುಮ್ಮಟವೂ ಗಟ್ಟಿಯಾಗಿದ್ದರೆ ಈ ಕಾರು ಖಂಡಿತ ಎದ್ದು ಬರುತ್ತದೆ. ಬಾಗಿಲು ಸರಿಯಾಗಿ ಮುಚ್ಚುತ್ತವೆ ಎಂದಿರಲ್ಲ, ಅದು ಬಹಳ ಒಳ್ಳೆಯ ಸುದ್ದಿ. ಬಾಡಿ ಇನ್ನೂ ಕುಸಿದಿಲ್ಲ.

ಟಿಂಕರಿಂಗ್, ಅಂದರೆ ತಗಡಿನ ಕೆಲಸ, ಮಾಡಿಸುವಾಗ ಗ್ಯಾಸ್ ವೆಲ್ಡಿಂಗ್ ಬೇಡವೆಂದು ಕಡ್ಡಾಯವಾಗಿ ಹೇಳಿ. ಇಷ್ಟು ತೆಳುವಾದ ತಗಡು ಆ ಕಾವಿಗೆ ಸೊಟ್ಟಗಾಗುತ್ತದೆ. ಸಿಒ2 ವೆಲ್ಡಿಂಗ್‌ನಲ್ಲಿ ಒಂದು ಚುಕ್ಕೆ ಇಲ್ಲಿ, ಇನ್ನೊಂದು ಅಲ್ಲಿ ಇಡುತ್ತಾ, ನಡುವೆ ಆರಲು ಬಿಟ್ಟು ಬೆಸೆಯಬೇಕು. ಬಾಗಿಲ ಕೆಳಗಿನ ಎರಡೂ ಬದಿಯ ಪಟ್ಟಿಗಳನ್ನು ಒಟ್ಟಿಗೆ ಕತ್ತರಿಸಲು ಬಿಡಬೇಡಿ. ಒಂದು ಬದಿ ಪೂರ್ತಿ ಮುಗಿಯಲಿ, ಬಾಗಿಲು ಹಾಕಿ ಸಂದು ಸಮವಾಗಿದೆಯೇ ನೋಡಿ, ಆಮೇಲೆ ಇನ್ನೊಂದು ಬದಿ. ತುಕ್ಕಿನ ಮೇಲೆ ಪುಟ್ಟಿ ಮೆತ್ತುವವರ, ಕಾರಿನ ಅಡಿಭಾಗಕ್ಕೆ ಟಾರು ಬಳಿದು ಮುಚ್ಚುವವರ ಹತ್ತಿರವೂ ಸುಳಿಯಬೇಡಿ. ಟಾರಿನ ಹಿಂದೆ ನೀರು ಸೇರಿಕೊಂಡು ಒಳಗಿನಿಂದ ತಿನ್ನುತ್ತದೆ, ಆಲ್ದೂರಿನ ಒಂದು ಮಳೆಗಾಲ ಸಾಕು. ತುಕ್ಕು ಕೆರೆದು, ಬರಿಯ ಲೋಹ ಕಾಣಿಸಿದ ಮೇಲೆ ಪ್ರೈಮರ್. ಪಟ್ಟಿಯ ಒಳಗಡೆ ಮೇಣ. ಕೆಳಗಿನ ನೀರಿಳಿಯುವ ಕಿಂಡಿಗಳು ತೆರೆದೇ ಇರಬೇಕು.

ಎಂಜಿನ್ ಬಗ್ಗೆ. ಗೇರಿಗೆ ಹಾಕಿ ಎಳೆಸಬೇಡಿ. ಟ್ರ್ಯಾಕ್ಟರ್ ಕಟ್ಟಿ ಎಳೆದರೆ ತಿರುಗುತ್ತದೆ ಎಂದು ಹೇಳುವವರು ಬಂದೇ ಬರುತ್ತಾರೆ, ರಿಂಗು ಮುರಿದರೆ ಅವರು ಹತ್ತಿರ ಇರುವುದಿಲ್ಲ. ಮೂರೂ ಪ್ಲಗ್ ಬಿಚ್ಚಿ, ಡೀಸೆಲ್ಲಿಗೆ ಅಷ್ಟೇ ಎಂಜಿನ್ ಆಯಿಲ್ ಬೆರೆಸಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಸ್ವಲ್ಪ ಬಿಟ್ಟು ನೆನೆಯಲು ಬಿಡಿ. ವಾರ ಹಿಡಿಯಲಿ, ಅವಸರ ಬೇಡ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಕೊಟ್ಟು ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ಅಲ್ಲಾಡಿಸಿ. ಕೂದಲೆಳೆಯಷ್ಟು ಮಿಸುಕಿದರೂ ಗೆದ್ದಂತೆ. ಬಿಟ್ಟುಕೊಂಡ ಮೇಲೆ ಟೈಮಿಂಗ್ ಬೆಲ್ಟ್ ಬದಲಾಯಿಸುವವರೆಗೆ ಸ್ಟಾರ್ಟರ್ ಮುಟ್ಟಬೇಡಿ. ರಬ್ಬರ್ ಬೆಲ್ಟು ಅಷ್ಟು ವರ್ಷ ಒಂದೇ ಬಾಗಿನಲ್ಲಿ ನಿಂತಿದೆ. ಮೇಲಿನ ಕವರ್ ತೆಗೆದು, ಕೈಯಲ್ಲಿ ತಿರುಗಿಸುತ್ತಾ ಪ್ರತಿ ವಾಲ್ವೂ ಒತ್ತಿದ ಮೇಲೆ ವಾಪಸ್ ಬರುತ್ತದೆಯೇ ನೋಡಿ. ಬಿಟ್ಟ ಡೀಸೆಲ್ ಕೆಳಗಿನ ಆಯಿಲಿಗೆ ಇಳಿದಿರುತ್ತದೆ, ಆಯಿಲ್ ಪೂರ್ತಿ ಬದಲಿಸಿ.

ಟ್ಯಾಂಕ್ ಬಿಚ್ಚಲೇಬೇಕು. ಅದರೊಳಗಿನದು ಈಗ ಪೆಟ್ರೋಲಲ್ಲ, ಅಂಟು. ಇನ್ನೊಂದು ವಿಷಯ: ನಿಮ್ಮ ಕಾರು ನಿಂತಾಗ ಇದ್ದ ಪೆಟ್ರೋಲ್ ಬೇರೆ, ಈಗ ಬಂಕಿನಲ್ಲಿ ಸಿಗುವುದು ಬೇರೆ. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು, ಈಗ ಎಲ್ಲೆಡೆ ಅದೇ. ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನೀರನ್ನೂ ಹೀರುತ್ತದೆ. ಪೈಪುಗಳು, ಪೆಟ್ರೋಲ್ ಪಂಪಿನ ಡಯಾಫ್ರಮ್, ಕಾರ್ಬುರೇಟರಿನ ಸೀಲುಗಳು ಎಲ್ಲವನ್ನೂ ಎಥನಾಲ್ ತಾಳುವ ಹೊಸ ರಬ್ಬರಿಗೆ ಬದಲಿಸಿ. ಓಡಿಸದ ತಿಂಗಳುಗಳಲ್ಲಿ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲಲು ಬಿಡಬೇಡಿ.

ಬ್ರೇಕಿನಲ್ಲಿ ಉಳಿತಾಯ ಮಾಡಬೇಡಿ. ಮಾಸ್ಟರ್ ಸಿಲಿಂಡರ್, ವ್ಹೀಲ್ ಸಿಲಿಂಡರ್, ಹೋಸ್ ಎಲ್ಲ ಹೊಸದು.

ಸಕಲೇಶಪುರದ ತೋಟದವಳು:

ಹಾಸನದ ಯಜಮಾನರು ಹೇಳಿದ್ದಕ್ಕೆ ಒಂದನ್ನು ಮಾತ್ರ ಸೇರಿಸುತ್ತೇನೆ. ಎಂಜಿನ್ ಸಾಮಾನಿನ ಚಿಂತೆ ಬೇಡ, ಓಮ್ನಿಯಲ್ಲಿ ಇದ್ದದ್ದೂ ಇದೇ 796 ಸಿಸಿ ಎಂಜಿನ್. ಗ್ಯಾಸ್ಕೆಟ್, ರಿಂಗು, ಬೇರಿಂಗು ಹಾಸನದಲ್ಲೇ ಸಿಗುತ್ತವೆ, ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಸಿಗದಿರುವುದು ಹೊರಗೆ ಕಾಣುವ ವಸ್ತುಗಳು. ದೀಪದ ಗಾಜು, ಗ್ರಿಲ್, ಬಾಗಿಲಿನ ಹಿಡಿ, ಕಿಟಕಿಯ ಬೀಡಿಂಗು, ಹಿಂದಿನ ಗಾಜಿನ ಕೀಲು, ಇವು 1986ರ ನಂತರದ ಕಾರಿನಿಂದ ಕೂರುವುದಿಲ್ಲ. ಆದ್ದರಿಂದ ಮುರಿದ ಹಿಡಿಯನ್ನೂ ಎಸೆಯಬೇಡಿ, ಮಾದರಿಗೆ ಬೇಕು. ಟಿಂಕರ್ ಅಂಗಡಿಗೆ ಕಳುಹಿಸುವ ಮೊದಲೇ ಇವನ್ನೆಲ್ಲ ನೀವೇ ಬಿಚ್ಚಿ, ಫೋಟೊ ತೆಗೆದು, ಚೀಟಿ ಅಂಟಿಸಿ ಮನೆಯಲ್ಲಿಡಿ. ಅಂಗಡಿಯಲ್ಲಿ ಕಾರು ತಿಂಗಳುಗಟ್ಟಲೆ ನಿಲ್ಲುತ್ತದೆ, ಸಣ್ಣ ವಸ್ತುಗಳು ಅಲ್ಲಿ ನಿಲ್ಲುವುದಿಲ್ಲ. ಹಿಂದಿನ ಗಾಜನ್ನಂತೂ ಕಂಬಳಿ ಸುತ್ತಿ ನಿಲ್ಲಿಸಿಡಿ, ಮಲಗಿಸಬೇಡಿ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಚಾವಣಿ, ಬಾನೆಟ್, ಬಾಗಿಲುಗಳ ಮೇಲೆ ಕಾರ್ಖಾನೆಯ ಕೆಂಪು ಉಳಿದಿದ್ದರೆ ಅದನ್ನು ಉಳಿಸಿಕೊಳ್ಳಿ. ಮಂಕಾಗಿದ್ದರೂ ಪಾಲಿಶ್‌ಗೆ ಎದ್ದು ಬರುತ್ತದೆ. ತಗಡು ಹಾಕಿದಲ್ಲಿ ಮಾತ್ರ ಬಣ್ಣ ಹೊಂದಿಸಿ ಹೊಡೆಸಿ. ಪೂರ್ತಿ ಬಣ್ಣಕ್ಕೆ ಹೋಗುವ ಹಣ ಬ್ರೇಕಿಗೆ, ಟೈರಿಗೆ, ವೈರಿಂಗ್‌ಗೆ ಹೋಗಲಿ. ಇಲಿ ಕಡಿದ ವೈರನ್ನು ಟೇಪು ಸುತ್ತಿ ಜೋಡಿಸಬೇಡಿ. ಕಾರು ಬೆಂಕಿ ಹತ್ತುವುದು ಅಲ್ಲೇ.

ಚಿಕ್ಕಮಗಳೂರಿನ ವಕೀಲ:

ಕಾಗದಪತ್ರದ ಕಡೆ ನಾನು ಹೇಳುತ್ತೇನೆ. ಟಿಂಕರಿಂಗ್‌ಗೆ ದೊಡ್ಡ ಹಣ ಹಾಕುವ ಮೊದಲು ಇದನ್ನು ವಿಚಾರಿಸಿಕೊಳ್ಳಿ. ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆ ಮತ್ತು ಕಾರಿನ ಮೇಲೆ ಕೊರೆದಿರುವ ಸಂಖ್ಯೆ ಒಂದೇ ಇದೆಯೇ, ಓದಲು ಬರುತ್ತದೆಯೇ ನೋಡಿ. ಆ ಜಾಗದ ಮೇಲೆ ಗ್ರೈಂಡರ್ ಆಡಿಸಲು ಯಾರಿಗೂ ಬಿಡಬೇಡಿ. ಅಂಕಿ ಅಳಿಸಿದರೆ ಎಲ್ಲವೂ ನಿಂತುಹೋಗುತ್ತದೆ. ಮೂರಕ್ಷರದ ಹಳೇ ದಾಖಲೆ ವಾಹನ್ ಎಂಬ ಸರ್ಕಾರಿ ತಂತ್ರಾಂಶದಲ್ಲಿ ಇಲ್ಲದಿದ್ದರೆ ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಕೊಟ್ಟು ಬ್ಯಾಕ್‌ಲಾಗ್ ನಮೂದು, ಅಂದರೆ ಹಳೇ ದಾಖಲೆಯನ್ನು ಅದರಲ್ಲಿ ಸೇರಿಸುವುದು, ಮಾಡಿಸಬೇಕು.

ಮಾಲೀಕರು ತೀರಿಕೊಂಡಿರುವುದರಿಂದ ವಾರಸುದಾರರ ಹೆಸರಿಗೆ ವರ್ಗಾಯಿಸಲು ನಮೂನೆ 31. ನೀವು ನೇರ ವಾರಸುದಾರರಲ್ಲ. ಹಾಗಾಗಿ ಮೊದಲು ದೊಡ್ಡಮ್ಮನ ಹೆಸರಿಗೆ ಮಾಡಿಸಿ, ಅವರ ಮಕ್ಕಳಿದ್ದರೆ ಒಪ್ಪಿಗೆಯ ಪ್ರಮಾಣಪತ್ರ ಪಡೆದು, ನಂತರ ನಮೂನೆ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ತಕರಾರಿಲ್ಲದ ದಾರಿ. ನೋಂದಣಿ ನವೀಕರಣಕ್ಕೆ ನಮೂನೆ 25. ಅದಕ್ಕೆ ಕಾರು ಓಡುವ ಸ್ಥಿತಿಯಲ್ಲಿ ತಪಾಸಣೆಗೆ ನಿಲ್ಲಬೇಕು, ವಿಮೆ ಮತ್ತು ಹೊಗೆ ತಪಾಸಣೆಯ ಪತ್ರವೂ ಬೇಕು. ಶುಲ್ಕ ಮೊದಲಿನಂತಿಲ್ಲ: 2022ರ ಏಪ್ರಿಲ್‌ನಲ್ಲಿ ₹5,000 ಆಯಿತು, 20 ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ ₹10,000 ಮಾಡಿದರು. ತಡವಾದದ್ದಕ್ಕೆ ಹೆಚ್ಚುವರಿ ಶುಲ್ಕ ಮತ್ತು ಹಸಿರು ತೆರಿಗೆ ಬೇರೆ. ನವೀಕರಣವಾದರೆ ಐದು ವರ್ಷ ನಿಶ್ಚಿಂತೆ.

ವಿಂಟೇಜ್ ಎಂದು ನೋಂದಾಯಿಸಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2021ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ಮೀರಿರಬೇಕು. ನಿಮ್ಮದು 2035ಕ್ಕೆ ಅಲ್ಲಿಗೆ ತಲುಪುತ್ತದೆ. ಬೇರೆ ಎಂಜಿನ್ ಕೂರಿಸಿದರೆ ಅದನ್ನೂ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕಾಗುತ್ತದೆ. ಹಳೇ ಎಂಜಿನ್ ಉಳಿಸಿಕೊಳ್ಳಲು ಇದೂ ಒಂದು ಕಾರಣ. ನೋಂದಣಿ ನವೀಕರಣವಾಗುವವರೆಗೆ ಕಾರನ್ನು ರಸ್ತೆಯಲ್ಲಿ ಓಡಿಸದೆ ಪಿಕಪ್ ಮೇಲೆ ಹೇರಿಕೊಂಡೇ ಸಾಗಿಸಿ.

ಆಲ್ದೂರಿನವನು:

ಯಜಮಾನರೇ, ಅಕ್ಕ, ವಕೀಲರೇ, ಮೂವರಿಗೂ ಕೈಮುಗಿಯುತ್ತೇನೆ. ಭಾನುವಾರ ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಹೋಗಿ ಚುಚ್ಚಿ ನೋಡಿದೆ. ಹಿಂದಿನ ಪಟ್ಟಾ ಹಿಡಿಯುವ ಜಾಗ ಎರಡೂ ಕಡೆ ಟಣ್ ಎಂದವು! ಮುಂದಿನ ಗುಮ್ಮಟಗಳೂ ಗಟ್ಟಿ. ಬ್ಯಾಟರಿಯ ತಟ್ಟೆ ಮಾತ್ರ ಕೈಗೇ ಬಂತು. ಎಡಬದಿಯ ಪಟ್ಟಿ ಮುಂದಿನ ಚಕ್ರದ ಹತ್ತಿರ ಸುಮಾರು ಒಂದು ಗೇಣು ಕೊಳೆತಿದೆ, ಬಲಬದಿ ಚೆನ್ನಾಗಿದೆ. ಚಾಸಿ ಸಂಖ್ಯೆಯನ್ನು ಬಟ್ಟೆಯಲ್ಲಿ ಒರೆಸಿ ಓದಿದೆ, ಆರ್‌ಸಿಗೆ ಸರಿಹೊಂದುತ್ತದೆ. ಗುಜರಿಯವನಿಗೆ ಇನ್ನು ಫೋನ್ ಮಾಡಬೇಡಿ ಎಂದು ದೊಡ್ಡಮ್ಮನಿಗೆ ಹೇಳಿದ್ದೇನೆ.

ಪ್ಲಗ್ ಬಿಚ್ಚಿದಾಗ ಎರಡು ಒಣಗಿ ಸ್ವಚ್ಛವಾಗಿದ್ದವು. ಗೇರ್‌ಬಾಕ್ಸ್ ಕಡೆಯದ್ದು ಕೆಂಪಗೆ ತುಕ್ಕು ಹಿಡಿದು ಬಂತು. ಡೀಸೆಲ್ ಮತ್ತು ಆಯಿಲ್ ಬಿಟ್ಟಿದ್ದೇನೆ. ಆ ಸಿಲಿಂಡರ್ ಬಿಟ್ಟುಕೊಳ್ಳದಿದ್ದರೆ ಮುಂದೇನು?

ಹಾಸನದ ಹಳೇ ಮೆಕ್ಯಾನಿಕ್:

ಪಟ್ಟಾ ಜಾಗ ಗಟ್ಟಿ ಎಂದು ಓದಿ ಬಹಳ ಸಂತೋಷವಾಯಿತು. ಆ ಸಿಲಿಂಡರಿನ ಒಂದು ವಾಲ್ವು ತೆರೆದ ಸ್ಥಿತಿಯಲ್ಲಿ ನಿಂತಿರಬೇಕು, ನಮ್ಮ ಮಳೆಗಾಲದ ತೇವ ಅಲ್ಲಿಂದ ಇಳಿದಿದೆ. ಇನ್ನೊಂದು ವಾರ ನೆನೆಯಲಿ, ಎರಡು ದಿನಕ್ಕೊಮ್ಮೆ ಮೇಲಿನಿಂದ ಸ್ವಲ್ಪ ಸ್ವಲ್ಪ ಬಿಡುತ್ತಿರಿ. ಆಗಲೂ ಮಿಸುಕದಿದ್ದರೆ ಹೆಡ್ ಇಳಿಸಿ. ಹೆಡ್ ಅಲ್ಯೂಮಿನಿಯಂನದ್ದು, ಚಪ್ಪಟೆ ಕಬ್ಬಿಣ ತೂರಿಸಿ ಮೀಟಬೇಡಿ. ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಅರ್ಧರ್ಧ ಸುತ್ತು ಸಡಿಲಿಸುತ್ತಾ ಬನ್ನಿ. ಒಳಗಿನ ಗೋಡೆಯ ಮೇಲೆ ಬರೀ ಕಲೆ ಇದ್ದರೆ ಹೋನಿಂಗ್, ಅಂದರೆ ತೆಳುವಾಗಿ ಉಜ್ಜುವುದು, ಸಾಕು. ಉಗುರಿಗೆ ಸಿಗುವ ಗುಳಿ ಇದ್ದರೆ ಬ್ಲಾಕ್ ಎರಕದ ಕಬ್ಬಿಣದ್ದು, ಬೋರಿಂಗ್, ಅಂದರೆ ಸಿಲಿಂಡರಿನ ತೂತನ್ನು ಕೊರೆದು ಹಿಗ್ಗಿಸುವುದು, ಮಾಡಿಸಬಹುದು, ಮೂರಕ್ಕೂ ದಪ್ಪ ಪಿಸ್ಟನ್ ಹಾಕಬೇಕಾಗುತ್ತದೆ. ಹೆಡ್ ಇಳಿಸುವ ದಿನ ಮೊದಲೇ ತಿಳಿಸಿ, ನಾನೇ ಹಾಸನದಿಂದ ಬಸ್ಸು ಹತ್ತಿ ಬರುತ್ತೇನೆ. ಪ್ಲಗ್ ತೂತುಗಳಿಗೆ ಅಲ್ಲಿಯವರೆಗೆ ಬಟ್ಟೆ ತುರುಕಿಡಿ.