ಸ್ಪ್ಯಾನಿಷ್: ಗೀಟು ಇರುವ, ಇಲ್ಲದ ಪುಟ್ಟ ಪದಗಳು

ಪ್ರಶ್ನೆ: ಸಿ, ತು, ಎಲ್, ಮಿ, ಸೆ, ತೆ. ಉಚ್ಚಾರ ಒಂದೇ, ಆದರೆ ಸ್ವರದ ಮೇಲೆ ಗೀಟು ಬಂದರೆ ಅರ್ಥವೇ ಬೇರೆ. ಬಾಯಿಪಾಠ ಬಿಟ್ಟು ದಾರಿ ಇದೆಯೇ?

ಉತ್ತರ 1: ಇದೆ. ವಾಕ್ಯವನ್ನು ಗಟ್ಟಿಯಾಗಿ ಓದಿ. ಒತ್ತು ಬೀಳುವ ಪದಕ್ಕೇ ಗೀಟು. ಅದರ ಹೆಸರು ತಿಲ್ದೆ. ಗೀಟಿನ ‘ಸಿ’ ಅಂದರೆ ‘ಹೌದು’, ಬರಿಯ ‘ಸಿ’ ನಮ್ಮ ‘ಬಂದರೆ’ಯಲ್ಲಿನ ‘ಅರೆ’. ‘ತು ಕಾಂತಾಸ್’ (ನೀನು ಹಾಡುತ್ತೀಯ) ಗೀಟಿನದು, ‘ತು ಕಾಸಾ’ (ನಿನ್ನ ಮನೆ) ಬರಿಯದು. ‘ತೆ ಕಿಯೆರೊ’ ಎಂದರೆ ನಿನ್ನನ್ನು ಪ್ರೀತಿಸುತ್ತೇನೆ. ‘ಕಿಯೆರೊ ತೆ’ಯಲ್ಲಿ ‘ತೆ’ಗೆ ಗೀಟು ಹಾಕಿದರೆ ಚಹಾ ಬೇಕು! ಒಂಟಿ ಪದಪಟ್ಟಿ ಬೇಡ, ಇಂಥ ಜೋಡಿ ವಾಕ್ಯಗಳನ್ನೇ ಕೈಯಿಂದ ಬರೆಯಿರಿ.

ಉತ್ತರ 2: ಹೆಚ್ಚು ಜನ ಎಡವುವುದು ‘ಪಾರಾ ತಿ’ (ನಿನಗಾಗಿ) ಎನ್ನುವಾಗಿನ ‘ತಿ’ಯಲ್ಲಿ. ‘ನನಗಾಗಿ’ ಎನ್ನುವ ‘ಪಾರಾ ಮಿ’ಯ ಮಿಗೆ ಗೀಟು ಇದೆ, ಏಕೆಂದರೆ ‘ನನ್ನ’ ಎಂಬ ಇನ್ನೊಂದು ಮಿ ಇದೆ. ‘ತಿ’ಗೆ ಅಂಥ ಜೋಡಿಯೇ ಇಲ್ಲ, ಹಾಗಾಗಿ ಗೀಟು ಯಾವತ್ತೂ ಇಲ್ಲ. ‘ಮಾತ್ರ’ ಎನ್ನುವ ‘ಸೋಲೊ’ವನ್ನೂ ಗೀಟಿಲ್ಲದೆಯೇ ಬರೆಯಿರಿ. 2010ರ ಕಾಗುಣಿತ ನಿಯಮವೂ ಅದನ್ನೇ ಹೇಳಿತು.

ಉತ್ತರ 3: ಮೊಬೈಲ್‌ನಲ್ಲಿ ಸ್ವರದ ಕೀಲಿ ಒತ್ತಿ ಹಿಡಿದರೆ ಗೀಟಿನ ಅಕ್ಷರ ಸಿಗುತ್ತದೆ. ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು ಬಲಬದಿಯ ಅಂಕಿಗಳಲ್ಲಿ 0233 ಒತ್ತಿದರೆ ಗೀಟಿನ ‘ಎ’, 0237ಕ್ಕೆ ‘ಇ’, 0250ಕ್ಕೆ ‘ಉ’. ಗೀಟು ಬಲಕ್ಕೆ ಏರಬೇಕು. ಎಡಕ್ಕೆ ವಾಲಿದ್ದು ಸ್ಪ್ಯಾನಿಷ್‌ನಲ್ಲಿ ಇಲ್ಲವೇ ಇಲ್ಲ.