ಕೊಚ್ಚಿಯಿಂದ ಕೊಲ್ಲಂವರೆಗೆ ದೋಣಿಯಲ್ಲೇ ಸಾಗಲು ಆಶ್ವಯುಜ ಸರಿಯೋ, ಕಾರ್ತಿಕ ಸರಿಯೋ?

ತುಮಕೂರಿನ ನಿವೃತ್ತ ಮೇಷ್ಟ್ರು ಕೇಳಿದ್ದು:

ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಇತಿಹಾಸ ಮತ್ತು ಭೂಗೋಳ ಬೋಧಿಸಿ ಕಳೆದ ಮೇ ತಿಂಗಳಲ್ಲಿ ನಿವೃತ್ತನಾದೆ. ಕೇರಳದ ಪಶ್ಚಿಮ ಕರಾವಳಿ ಕಾಲುವೆಯನ್ನು 1993ರಲ್ಲಿ ಮೂರನೇ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಿದ್ದನ್ನೂ, ಆಗ ಅದು ಕೊಟ್ಟಪುರಂನಿಂದ ಕೊಲ್ಲಂವರೆಗೆ 168 ಕಿ.ಮೀ. ಹರಡಿದ್ದುದನ್ನೂ ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಗೆರೆ ಎಳೆದು ತೋರಿಸಿದ್ದೇನೆ. ಆ ನೀರನ್ನು ಮಾತ್ರ ನಾನು ಕಣ್ಣಾರೆ ಕಂಡಿಲ್ಲ. ನನ್ನ ಪತ್ನಿ ಪಾವಗಡದವಳು, ನೀರಿಗಾಗಿ ಕೊಡ ಹಿಡಿದು ಸಾಲಿನಲ್ಲಿ ನಿಂತು ಬೆಳೆದವಳು. ಎರಡೂ ದಡಗಳಲ್ಲಿ ಮನೆ, ನಡುವೆ ನೀರೇ ಬೀದಿ ಎಂಬ ಊರನ್ನು ಒಮ್ಮೆಯಾದರೂ ನೋಡಬೇಕೆಂದು ಅವಳು ಬಹಳ ದಿನಗಳಿಂದ ಹೇಳುತ್ತಿದ್ದಾಳೆ.

ಈ ಸಲ ವಿಜಯದಶಮಿಯ ನಂತರ ಹೊರಟು, ಸಾಧ್ಯವಾದಷ್ಟೂ ದೋಣಿಯಲ್ಲೇ ದಕ್ಷಿಣಕ್ಕೆ ಸಾಗಬೇಕೆಂಬುದು ನಮ್ಮಿಬ್ಬರ ಆಸೆ. ಇಡೀ ದಾರಿಗೆ ಒಂದೇ ಹೌಸ್‌ಬೋಟನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದೋ, ಹಂತ ಹಂತವಾಗಿ ಸರ್ಕಾರಿ ದೋಣಿಗಳನ್ನು ಹಿಡಿಯುವುದೋ? ಆ ಹೊತ್ತಿಗೆ ಅಲ್ಲಿ ಮಳೆಯ ಕಾಟ ಎಷ್ಟಿರುತ್ತದೆ? ಅವಳಿಗೆ ಮಂಡಿನೋವಿದೆ, ಮತ್ತು ನಮ್ಮಿಬ್ಬರಿಗೂ ಈಜು ಬರುವುದಿಲ್ಲ. ತಿಳಿದವರು ದಯವಿಟ್ಟು ಹೇಳಬೇಕು.

ತಿಪಟೂರಿನ ತೆಂಗು ಬೆಳೆಗಾರರ ಉತ್ತರ:

ಮೇಷ್ಟ್ರೇ, ನಾನು ಮತ್ತು ನಮ್ಮ ಮನೆಯವರು ಎರಡು ವರ್ಷಗಳ ಹಿಂದೆ ಕಾರ್ತಿಕದಲ್ಲಿ ಇದೇ ದಾರಿಯಲ್ಲಿ ಹೋಗಿಬಂದೆವು. ಇಡೀ ದಾರಿಗೆ ಹೌಸ್‌ಬೋಟ್ ಬೇಡವೆಂದೇ ನನ್ನ ಅಭಿಪ್ರಾಯ. ಅದಕ್ಕೆ ಸೈಕಲ್ಲಿನ ವೇಗವೂ ಇರುವುದಿಲ್ಲ. ಮೀನುಗಾರರು ಬಲೆ ಬೀಸುವ ಹೊತ್ತಾಗುವುದರಿಂದ ಸಂಜೆ ಐದೂವರೆಯ ಸುಮಾರಿಗೆ ದಡಕ್ಕೆ ಕಟ್ಟಿದರೆ ಮತ್ತೆ ಹೊರಡುವುದು ಬೆಳಗಾದ ಮೇಲೆಯೇ. ಆಲಪ್ಪುಳದಲ್ಲಿ ಒಂದು ರಾತ್ರಿಗೆ ಮಾತ್ರ ಗೊತ್ತುಮಾಡಿಕೊಳ್ಳಿ, ಸಾಕು.

ನಾವು ಹೋದ ಬಗೆ ಹೀಗಿತ್ತು. ಬೆಂಗಳೂರಿನಿಂದ ಕನ್ಯಾಕುಮಾರಿ ರೈಲಿನಲ್ಲಿ ಎರ್ನಾಕುಲಂ ತಲುಪಿ, ಬಸ್ಸಿನಲ್ಲಿ ವೈಕಂಗೆ ಹೋದೆವು. ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಎಲ್ಲರಿಗೂ ನಡೆಯುವ ಹಕ್ಕು ಬೇಕೆಂದು 1924ರಲ್ಲಿ ಸತ್ಯಾಗ್ರಹ ನಡೆದ ಊರು ಅದು. ಇತಿಹಾಸ ಕಲಿಸಿದ ತಾವು ಅಲ್ಲಿ ಅರ್ಧ ದಿನವಾದರೂ ನಿಲ್ಲಬೇಕು. ಅಲ್ಲಿಂದ ವೇಂಬನಾಡು ಸರೋವರವನ್ನು ದಾಟಿಸುವುದು 2017ರಿಂದ ಓಡುತ್ತಿರುವ ಸೌರಶಕ್ತಿಯ 'ಆದಿತ್ಯ' ದೋಣಿ. ಎಂಜಿನ್ನಿನ ಸದ್ದಿಲ್ಲದೆ ನೀರು ಸೀಳುವ ಸದ್ದು ಮಾತ್ರ ಕೇಳಿಸುತ್ತಿದ್ದ ಆ ಕಾಲು ಗಂಟೆಯಲ್ಲಿ ನಮ್ಮ ಮನೆಯವರು ಒಂದು ಮಾತನ್ನೂ ಆಡಲಿಲ್ಲ. ಆಚೆ ದಡದಿಂದ ಬಸ್ಸಿನಲ್ಲಿ ಮುಹಮ್ಮ, ಅಲ್ಲಿಂದ ದೋಣಿಯಲ್ಲಿ ಕುಮರಕಂ; ಮರುದಿನ ಕೋಟ್ಟಯಂಗೆ ಹೋಗಿ ಆಲಪ್ಪುಳದ ದೋಣಿ ಹಿಡಿದೆವು. ದೋಣಿ ಕುಟ್ಟನಾಡಿನ ನಡುವೆ ಸಾಗುವಾಗ ಗದ್ದೆಗಳು ನೀರಿನ ಮಟ್ಟಕ್ಕಿಂತ ಕೆಳಗಿರುತ್ತವೆ. ಏರಿಯ ಈಚೆ ನಾವು ಮೇಲೆ, ಆಚೆ ಬತ್ತದ ಗದ್ದೆ ಕೆಳಗೆ! ಕೆರೆ ಏರಿಯ ಕೆಳಗಿನ ಗದ್ದೆಯನ್ನು ಕಂಡ ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಮಾತ್ರ ಆ ಏರಿ ಕೆರೆಯ ಒಂದು ಬದಿಗಲ್ಲ, ಗದ್ದೆಯ ಸುತ್ತಲೂ ಇರುತ್ತದೆ.

ತೆಂಗಿನವನಾದ ನಾನು ಇನ್ನೊಂದು ಮಾತನ್ನು ಹೇಳಲೇಬೇಕು. ನಮ್ಮಲ್ಲಿ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇದ್ದು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಿ ಹಸಿ ಸಿಪ್ಪೆಯನ್ನು ಹೆಚ್ಚುಕಡಿಮೆ ಅಷ್ಟೇ ಕಾಲ ಉಪ್ಪುಮಿಶ್ರಿತ ಹಿನ್ನೀರಿನಲ್ಲಿ ನೆನೆಹಾಕಿ, ಬಡಿದು, ಹೊಂಬಣ್ಣದ ನಾರನ್ನು ತೆಗೆಯುತ್ತಾರೆ. ಹಳೆಯ ಕೆಟ್ಟುವಳ್ಳಂ ದೋಣಿಗಳಲ್ಲಿ ಮೊಳೆಯೇ ಇಲ್ಲ. ಹೆಬ್ಬಲಸಿನ ಹಲಗೆಗಳನ್ನು ಆ ನಾರಿನ ಹಗ್ಗದಿಂದಲೇ ಹೊಲಿದಿರುತ್ತಾರೆ. ಅಕ್ಕಿ ಸಾಗಿಸುತ್ತಿದ್ದ ಆ ದೋಣಿಗಳೇ ಇಂದಿನ ಹೌಸ್‌ಬೋಟುಗಳಿಗೆ ಮೂಲ.

ಆಲಪ್ಪುಳದಲ್ಲಿ ಒಂಬತ್ತು ವರ್ಷ ನೌಕರಿ ಮಾಡಿದ ಕುಣಿಗಲ್ಲಿನವರ ಉತ್ತರ:

ಮೇಲಿನವರು ಹೇಳಿದ ದಾರಿ ಸರಿಯಾಗಿದೆ, ಆದರೆ ಕಾಲದ ವಿಷಯದಲ್ಲಿ ಎಚ್ಚರ ಬೇಕು. ವಿಜಯದಶಮಿ ಕಳೆದ ಕೂಡಲೇ ಹೊರಡಬೇಡಿ. ನಮ್ಮಲ್ಲಿ ಚಿತ್ತೆ, ಸ್ವಾತಿ ಮಳೆ ಎನ್ನುವ ದಿನಗಳಲ್ಲೇ ಅಲ್ಲಿ ತುಲಾವರ್ಷ ಎಂಬ ಹಿಂಗಾರು ಮಳೆ ಜೋರಾಗಿರುತ್ತದೆ. ಬೆಳಿಗ್ಗೆ ಆಕಾಶ ತಿಳಿಯಾಗಿದ್ದು, ಮಧ್ಯಾಹ್ನ ಎರಡು ಮೂರು ಗಂಟೆಯ ಮೇಲೆ ಪೂರ್ವದ ಬೆಟ್ಟಗಳ ಕಡೆಯಿಂದ ಮೋಡ ಕಟ್ಟಿ, ಗುಡುಗು ಸಿಡಿಲಿನೊಂದಿಗೆ ಸುರಿಯುತ್ತದೆ. ತೆರೆದ ಸರೋವರದಲ್ಲಿ ಸಿಡಿಲಿಗೆ ಸಿಕ್ಕುವುದು ಎಂಥ ಈಜುಗಾರನಿಗೂ ಅಪಾಯವೇ. ಆದ್ದರಿಂದ ದೀಪಾವಳಿ ಮುಗಿಸಿ, ನವೆಂಬರ್ ನಡುವಿನ ನಂತರ ಹೋಗಿ, ಆಗಲೂ ದೊಡ್ಡ ನೀರನ್ನು ಮಧ್ಯಾಹ್ನದೊಳಗೆ ದಾಟಿಬಿಡಿ.

ಡಿಸೆಂಬರ್ ಕೊನೆಯವರೆಗೆ ತಡಮಾಡುವುದೂ ಬೇಡ. ಕುಟ್ಟನಾಡಿನ ಬೆಳೆಗೆ ಉಪ್ಪುನೀರು ನುಗ್ಗದಂತೆ ವೇಂಬನಾಡು ಸರೋವರಕ್ಕೆ ಅಡ್ಡಲಾಗಿ ಕಟ್ಟಿರುವ ತಣ್ಣೀರ್ಮುಕ್ಕಂ ಒಡ್ಡಿನ ಬಾಗಿಲುಗಳನ್ನು ಸಾಮಾನ್ಯವಾಗಿ ಡಿಸೆಂಬರ್ ನಡುವಿನಲ್ಲಿ ಮುಚ್ಚುತ್ತಾರೆ. ಆಮೇಲೆ ದಕ್ಷಿಣದ ಭಾಗದಲ್ಲಿ ನೀರು ನಿಂತುಬಿಡುತ್ತದೆ, ಉಪ್ಪು ತಾಗಿದರೆ ಸಾಯುವ ಅಂತರಗಂಗೆ ನಿಶ್ಚಿಂತೆಯಿಂದ ಹಬ್ಬುತ್ತದೆ, ಸಣ್ಣ ಕಾಲುವೆಗಳಲ್ಲಿ ಅದು ದೋಣಿಯ ಪಂಖಕ್ಕೆ ಸುತ್ತಿಕೊಳ್ಳುತ್ತದೆ. ಒಡ್ಡು ಅನ್ನಕ್ಕೆ ಬೇಕು, ಹರಿವು ಮೀನಿಗೆ ಬೇಕು. ರೈತರಿಗೂ ಮೀನುಗಾರರಿಗೂ ಇದರಲ್ಲಿ ಹಳೆಯ ತಕರಾರಿದೆ, ಮತ್ತು ಎರಡೂ ಕಡೆಯವರ ಮಾತು ನನಗೆ ನ್ಯಾಯವಾಗಿಯೇ ಕಂಡಿದೆ.

ಹೌಸ್‌ಬೋಟ್ ಹಿಡಿಯುವಾಗ ಶೌಚದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಸಂಕೋಚಪಡಬೇಡಿ. ಆ ನೀರಿನಲ್ಲಿ ಪಾತ್ರೆ ತೊಳೆಯುವವರು, ಮಕ್ಕಳಿಗೆ ಸ್ನಾನ ಮಾಡಿಸುವವರು ದಡದಲ್ಲೇ ಇದ್ದಾರೆ. ಸರಿಯಾದ ಟ್ಯಾಂಕ್ ಇಲ್ಲದ ದೋಣಿಯನ್ನು ಬಿಟ್ಟು ಮುಂದಿನದನ್ನು ನೋಡಿ.

ತುಮಕೂರಿನ ನಿವೃತ್ತ ಮೇಷ್ಟ್ರು:

ಇಬ್ಬರಿಗೂ ನಮಸ್ಕಾರಗಳು. ದೀಪಾವಳಿಗೆ ಮಗಳು, ಅಳಿಯ ಬಂದು ಹೋದ ಮೇಲೆ, ನವೆಂಬರ್ ಮೂರನೆಯ ವಾರ ಹೊರಡುವುದೆಂದು ನಿಶ್ಚಯಿಸಿದ್ದೇವೆ. ಆಲಪ್ಪುಳದಿಂದ ಕೊಲ್ಲಂವರೆಗಿನ ಕೊನೆಯ ಹಂತವನ್ನು ಮಂಡಿನೋವಿನವರು ತಾಳಿಕೊಳ್ಳಬಲ್ಲರೇ?

ತಿಪಟೂರಿನ ತೆಂಗು ಬೆಳೆಗಾರರು:

ಅದು ಎಂಟು ಗಂಟೆಯ ಪ್ರಯಾಣ. ನಾವು ಬೆಳಿಗ್ಗೆ ಹತ್ತೂವರೆಗೆ ಹತ್ತಿ ಸಂಜೆ ಆರೂವರೆಗೆ ಇಳಿದೆವು. ಆ ದೋಣಿ ಕೆಲವೊಮ್ಮೆ ಓಡುವುದಿಲ್ಲವಾದ್ದರಿಂದ ಹಿಂದಿನ ದಿನವೇ ಆಲಪ್ಪುಳದ ಜೆಟ್ಟಿಯಲ್ಲಿ ವಿಚಾರಿಸಿ. ಸಂಜೆಯ ಹೊತ್ತಿಗೆ ಮೋಡವಿರುವ ಸೂಚನೆ ಕಂಡರೆ ರೈಲಿನಲ್ಲಿ ಕೊಲ್ಲಂಗೆ ಹೋಗಿ, ಮರುದಿನ ಬೆಳಿಗ್ಗೆ ಅಷ್ಟಮುಡಿ ಸರೋವರವನ್ನು ಸಣ್ಣ ದೋಣಿಯಲ್ಲಿ ನೋಡಿದರೂ ಆದೀತು. ಕುಳಿತಿರುವುದು ಅಮ್ಮನವರಿಗೆ ಕಷ್ಟವಾಗದು. ಕಷ್ಟವಿರುವುದು ಹತ್ತುವಾಗ, ಇಳಿಯುವಾಗ. ದೋಣಿಯ ಅಂಚು ಮೆಟ್ಟಿಲಿಗೆ ತಾಗಿ ನಿಲ್ಲುವವರೆಗೆ ಕಾದು, ಸಿಬ್ಬಂದಿಯ ಕೈ ಹಿಡಿದೇ ಕಾಲಿಡಲಿ. ಲೈಫ್ ಜಾಕೆಟ್ ಎಲ್ಲಿದೆಯೆಂದು ಹತ್ತಿದ ಕೂಡಲೇ ಕೇಳಿ, ಸಣ್ಣ ದೋಣಿಯಾದರೆ ತೊಟ್ಟೇ ಕುಳಿತುಕೊಳ್ಳಿ. ಹಿಂದಿರುಗಲು ಅದೇ ಕನ್ಯಾಕುಮಾರಿ ರೈಲು ಕೊಲ್ಲಂನಲ್ಲೇ ಸಿಗುತ್ತದೆ. ಕೆಳಗಿನ ಬರ್ತನ್ನು ಈಗಲೇ ಕಾದಿರಿಸಿಬಿಡಿ.